ಬೀದಿಗೆ ವೈಫೈ ಕೇಳುವ ಮೊದಲು ಕಂಬದ ಕರೆಂಟ್ ನೋಡಿ

ಪ್ರಶ್ನೆ: ಮಡಿಕೇರಿಯಲ್ಲಿ ಸಣ್ಣದೊಂದು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಬೀದಿಯವರೆಲ್ಲ ಸೇರಿ ಇಂಟರ್ನೆಟ್ ಬಗ್ಗೆ ನಗರಸಭೆಗೆ ಒಂದು ಮನವಿ ಕೊಡೋಣ ಅಂದುಕೊಂಡೆವು. ಕೂತು ಮಾತಾಡಿದರೆ ಮೂರು ಗುಂಪು ಆಯಿತು. ಊರಿಡೀ ಉಚಿತ ವೈಫೈ ಹಾಕಿಸಿ ಅಂತ ಕೆಲವರು. 5ಜಿ ಬಂದ ಮೇಲೆ ವೈಫೈ ದಂಡ ಅಂತ ಕೆಲವರು. ಇನ್ನೇನು ಉಪಗ್ರಹದಿಂದಲೇ ಇಂಟರ್ನೆಟ್ ಬರುತ್ತದಂತೆ, ಸುಮ್ನೆ ಕಾಯೋಣ ಅಂತ ಉಳಿದವರು. ಮಳೆಗಾಲದಲ್ಲಿ ನನ್ನ ಮಗಳ ಆನ್‌ಲೈನ್ ಕ್ಲಾಸ್ ದಿನಕ್ಕೆ ನಾಲ್ಕು ಸಲ ನಿಲ್ಲುತ್ತದೆ. ಮನವಿಯಲ್ಲಿ ನಾವು ಏನು ಕೇಳಬೇಕು ಸರ್?

ಉತ್ತರ: ಮಗಳ ಕ್ಲಾಸ್ ದಿನಕ್ಕೆ ನಾಲ್ಕು ಸಲ ನಿಲ್ಲುತ್ತದೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೂರೂ ಗುಂಪಿನವರು ಕೇಳಿದ್ದು ಯಾವ ತಂತ್ರಜ್ಞಾನ ಬೇಕು ಅಂತ. ಕ್ಲಾಸ್ ಯಾಕೆ ನಿಲ್ಲುತ್ತಿದೆ ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ನನ್ನ ಊರು ಸೋಮವಾರಪೇಟೆ ಕಡೆ. ಇಪ್ಪತ್ತು ವರ್ಷಕ್ಕೂ ಮೇಲೆ ಊರುಗಳಿಗೆ ನೆಟ್‌ವರ್ಕ್ ಹಾಕುವ ಕೆಲಸವನ್ನೇ ಮಾಡಿದ್ದೇನೆ. ನಮ್ಮ ಕಡೆಯ ಮಳೆಗಾಲದಲ್ಲಿ ನೆಟ್ ಹೋಗುವುದಕ್ಕೆ ಹೆಚ್ಚಿನ ಸಲ ಎರಡೇ ಕಾರಣ. ಒಂದು, ಕರೆಂಟ್ ಹೋಗಿರುತ್ತದೆ. ಇನ್ನೊಂದು, ಎಲ್ಲೋ ಒಂದು ಕಡೆ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗಿರುತ್ತದೆ. ಈ ಎರಡಕ್ಕೂ ವೈಫೈ ಮದ್ದಲ್ಲ, 5ಜಿಯೂ ಅಲ್ಲ.

ಮೊದಲು ನಿಮ್ಮ ಮನೆಯದನ್ನೇ ನೋಡೋಣ. ಮನೆಗೆ ಫೈಬರ್, ಅಂದರೆ ಬೆಳಕಿನಲ್ಲಿ ನೆಟ್ ತರುವ ಗಾಜಿನ ಎಳೆ, ಇದ್ದರೆ ಕರೆಂಟ್ ಒಂದು ಸೆಕೆಂಡ್ ಹೋಗಿ ಬಂದರೂ ಸಾಕು, ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದು ಎದ್ದು ಕೂತು ಲೈನ್ ಹಿಡಿಯುವುದಕ್ಕೆ ಎರಡು ಮೂರು ನಿಮಿಷ ಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋದರೆ ಮೂರು ನಿಮಿಷದ ಪಾಠ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಅಂದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೇ. ರೂಟರ್‌ಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಸಾವಿರ ಚಿಲ್ಲರೆ ರೂಪಾಯಿಯಿಂದ ಶುರು. ಮನವಿಗೆ ಉತ್ತರ ಬರುವ ತನಕ ಕಾಯಬೇಡಿ, ಅದನ್ನು ಈ ವಾರವೇ ತಂದು ಹಾಕಿ.

ಹಾಕಿದ ಮೇಲೂ ಕರೆಂಟ್ ಹೋದಾಗ ನೆಟ್ ನಿಂತರೆ ತೊಂದರೆ ಬೀದಿಯಲ್ಲಿದೆ. ಸರಿಯಾಗಿ ಎಳೆದ ಫೈಬರ್ ಲೈನ್‌ನಲ್ಲಿ ಕಂಪನಿಯ ಕಚೇರಿಯಿಂದ ನಿಮ್ಮ ಮನೆಯ ತನಕ ನಡುವೆ ಎಲ್ಲೂ ಕರೆಂಟ್ ಬೇಕಾಗಿಲ್ಲ. ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಸಣ್ಣ ಗಾಜಿನ ಭಾಗ ಇರುತ್ತದೆ, ಅಷ್ಟೇ. ಆದರೆ ಸಣ್ಣ ಊರುಗಳಲ್ಲಿ ಕೇಬಲ್‌ನವರು ಖರ್ಚು ಉಳಿಸಲು ನಡುವೆ ಸ್ವಿಚ್ ಅನ್ನುವ, ಲೈನನ್ನು ಹಲವು ಮನೆಗೆ ಹಂಚುವ, ಕರೆಂಟ್ ಬೇಕಾದ ಒಂದು ಡಬ್ಬ ಕೂರಿಸುತ್ತಾರೆ. ಅದು ಯಾರದೋ ಅಂಗಡಿಯ ಮಹಡಿ ಮೆಟ್ಟಿಲ ಕೆಳಗೆ, ಆ ಅಂಗಡಿಯದೇ ಕರೆಂಟ್‌ನಲ್ಲಿ ನಡೆಯುತ್ತಿರುತ್ತದೆ. ಅಂಗಡಿಯವರು ರಾತ್ರಿ ಮೇನ್ ಆರಿಸಿ ಹೋದರೆ ಇಪ್ಪತ್ತು ಮನೆಯ ನೆಟ್ ಹೋಯಿತು. ನಿಮ್ಮ ಕೇಬಲ್‌ನವರನ್ನು ನೇರವಾಗಿ ಕೇಳಿ: 'ನಮ್ಮ ಲೈನ್‌ನ ಮಧ್ಯೆ ಕರೆಂಟ್ ಬೇಕಾದ ಡಬ್ಬ ಇದೆಯಾ? ಇದ್ದರೆ ಅದಕ್ಕೆ ಬ್ಯಾಟರಿ ಇದೆಯಾ?'

ಈಗ ಊರಿಡೀ ವೈಫೈ ಅನ್ನುವ ಮಾತಿಗೆ ಬರುತ್ತೇನೆ. ಆಸೆ ಒಳ್ಳೆಯದೇ. ನಾನೂ ಒಂದು ಕಾಲದಲ್ಲಿ ಅದನ್ನು ಪೂರ್ತಿ ನಂಬಿದ್ದೆ.

2004ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರ ಊರಿಗೆಲ್ಲ ವೈಫೈ ಹಾಕುತ್ತೇವೆ ಅಂತ ಘೋಷಿಸಿತು. ಆಗ ನಮ್ಮಂಥ ಎಂಜಿನಿಯರುಗಳಿಗೆಲ್ಲ ಅದೇ ಮಾತು. ಅರ್ಥ್‌ಲಿಂಕ್ ಅನ್ನುವ ಕಂಪನಿ ತನ್ನ ಖರ್ಚಿನಲ್ಲೇ ಬೀದಿ ಕಂಬಗಳಿಗೆ ವೈಫೈ ಪೆಟ್ಟಿಗೆ ಕಟ್ಟಲು ಒಪ್ಪಿತು. ಅಂದುಕೊಂಡದ್ದಕ್ಕಿಂತ ಜಾಸ್ತಿ ಪೆಟ್ಟಿಗೆ ಬೇಕಾಯಿತು. ಬೀದಿಯಲ್ಲಿ ಸಿಕ್ಕ ಸಿಗ್ನಲ್ ಇಟ್ಟಿಗೆ ಗೋಡೆ ದಾಟಿ ಮನೆಯೊಳಗೆ ಹೋಗಲಿಲ್ಲ. ಮನೆಯೊಳಗೆ ಸಿಗದ ನೆಟ್‌ಗೆ ಜನ ದುಡ್ಡು ಕೊಡಲಿಲ್ಲ. 2008ರಲ್ಲಿ ಕಂಪನಿ ಕೈ ಬಿಟ್ಟಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದೇ ಕಂಪನಿ ಗೂಗಲ್ ಜೊತೆ ಸೇರಿ ಮಾಡಲು ಹೊರಟದ್ದು 2007ರಲ್ಲೇ ನಿಂತುಹೋಗಿತ್ತು. ನಮ್ಮ ಹತ್ತಿರದ್ದೇ ಬೇಕೆಂದರೆ ಬೆಂಗಳೂರನ್ನು ನೋಡಿ. 2014ರ ಜನವರಿಯಲ್ಲಿ ಎಂ.ಜಿ. ರೋಡ್ ಕಡೆ 'ನಮ್ಮ ವೈಫೈ' ಶುರುವಾಯಿತು. ಅದೂ ಜಾಸ್ತಿ ವರ್ಷ ಬಾಳಲಿಲ್ಲ.

ಇವು ಯಾಕೆ ಸೋತವು? ಮಡಿಕೇರಿಯವರಿಗೆ ಕೂಟುಹೊಳೆ ಗೊತ್ತಲ್ವಾ? ಅಲ್ಲಿಂದ ನೀರು ಬರದಿದ್ದರೆ ಮನೆಯಲ್ಲಿ ಎಷ್ಟು ಒಳ್ಳೆಯ ನಲ್ಲಿ ಇದ್ದರೇನು? ವೈಫೈ ಅನ್ನುವುದು ನಲ್ಲಿ. ನೀರು ಬರುವುದು ಹಿಂದಿನ ಪೈಪಿನಿಂದ, ಅಂದರೆ ಫೈಬರ್‌ನಿಂದ. ಫೋನಿನಲ್ಲಿ ಕಡ್ಡಿ ತುಂಬಾ ಇದ್ದರೂ ನೆಟ್ ಓಡುವುದಿಲ್ಲ ಅಂತ ಜನ ಬೈಯುತ್ತಾರೆ. ಆ ಕಡ್ಡಿಗಳು ಫೋನಿಗೂ ಪೆಟ್ಟಿಗೆಗೂ ನಡುವಿನ ಸಂಬಂಧ ಹೇಗಿದೆ ಅಂತ ಹೇಳುತ್ತವೆ, ಹಿಂದಿನ ಪೈಪಿನ ಬಗ್ಗೆ ಏನೂ ಹೇಳುವುದಿಲ್ಲ. ಒಂದು ಕಂಬದ ಹಿಂದೆ 100 ಎಂಬಿಪಿಎಸ್ ಲೈನ್ ಇದೆ ಅಂದುಕೊಳ್ಳಿ. 50 ಜನ ಒಟ್ಟಿಗೆ ವಿಡಿಯೋ ನೋಡಿದರೆ ಒಬ್ಬೊಬ್ಬರಿಗೆ 2 ಎಂಬಿಪಿಎಸ್. ಮಡಿಕೇರಿ ದಸರಾದ ರಾತ್ರಿ ದಶಮಂಟಪ ನೋಡಲು ಬರುವ ಜನ ಎಷ್ಟು ಅಂತ ನಿಮಗೇ ಗೊತ್ತು.

ಇನ್ನೊಂದು ಸಂಗತಿ ಇದೆ. ಪೆಟ್ಟಿಗೆ ಗಟ್ಟಿಯಾಗಿ ಕೂಗಬಹುದು, ಫೋನ್ ಪಿಸುಗುಟ್ಟಬಲ್ಲದು ಅಷ್ಟೆ. ಲೈಸೆನ್ಸ್ ಬೇಡದ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಪೆಟ್ಟಿಗೆಯ ಯಂತ್ರಕ್ಕೆ ನಮ್ಮ ದೇಶದ ನಿಯಮ 1 ವಾಟ್ ತನಕ ಬಿಡುತ್ತದೆ, ಆಂಟೆನಾ ಸೇರಿ 4 ವಾಟ್. ಫೋನಿನ ವೈಫೈ ಆ 1 ವಾಟ್‌ನ ಹತ್ತನೇ ಒಂದು ಪಾಲಿನ ಆಸುಪಾಸು. ಫೋನಿಗೆ ಕೇಳಿಸಿದ್ದಕ್ಕೆ ಅದು ಕೊಟ್ಟ ಉತ್ತರ ಕಂಬಕ್ಕೆ ಕೇಳಿಸದಿದ್ದರೆ ಮಾತು ಮುಗಿಯಿತು. ಹಾಗಾಗಿ ಬಯಲಲ್ಲೂ ಒಂದು ಪೆಟ್ಟಿಗೆಯಿಂದ ಐವತ್ತು ನೂರು ಮೀಟರ್ ಮಾತ್ರ ನಂಬಬಹುದು. ಮಡಿಕೇರಿ ಬಯಲಲ್ಲ. ಒಂದು ಮನೆಯ ಮಾಡಿನ ಮಟ್ಟದಲ್ಲಿ ಇನ್ನೊಂದು ಮನೆಯ ಅಂಗಳ ಇರುತ್ತದೆ. ಹಳೆಯ ಮನೆಗಳ ಗೋಡೆ ದಪ್ಪ. ಮಳೆಗೆ ಅಂತ ಮೇಲೆ ತಗಡು ಹೊದಿಸಿರುತ್ತೇವೆ. ರೇಡಿಯೋ ಅಲೆಗೆ ತಗಡು ಅಂದರೆ ಕಲ್ಲಿಗಿಂತ ಕಷ್ಟ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ವೈಫೈಯ 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳಿಗೆ, 5ಜಿಯ 3.5 ಗಿಗಾಹರ್ಟ್ಸ್ ಅಲೆಗೆ ಮಳೆಯ ಹನಿಯಿಂದ ಅಂಥ ನಷ್ಟ ಆಗುವುದಿಲ್ಲ. ಹತ್ತು ಗಿಗಾಹರ್ಟ್ಸ್ ದಾಟಿದ ಮೇಲೆ ಮಳೆಯ ಏಟು ಜಾಸ್ತಿ. ಒಂದು ಟವರ್‌ನಿಂದ ಇನ್ನೊಂದು ಟವರ್‌ಗೆ ಕಟ್ಟುವ ಎಷ್ಟೋ ಮೈಕ್ರೋವೇವ್ ಲಿಂಕ್‌ಗಳು ಅಲ್ಲಿ ಬರುತ್ತವೆ. ಹಾಗಾಗಿ ನಿಮ್ಮ ಫೋನಿಗೂ ಟವರಿಗೂ ನಡುವೆ ಎಲ್ಲ ಸರಿ ಇದ್ದು, ಟವರಿನ ಬೆನ್ನ ಹಿಂದಿನ ಲಿಂಕ್ ಜೋರು ಮಳೆಗೆ ಸೋತಿರಬಹುದು. ಟವರ್‌ಗೆ ಫೈಬರ್ ಎಳೆದಿದ್ದರೆ ಈ ಕಷ್ಟ ಇಲ್ಲ.

ಹನಿಗಿಂತ ದೊಡ್ಡ ಶತ್ರು ಒದ್ದೆ ಎಲೆ. ಊರಿನಾಚೆ ತೋಟದ ನಡುವೆ ಲಿಂಕ್ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತು. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಆದ ಮೇಲೆ ಲಿಂಕ್ ಚೆನ್ನಾಗಿ ನಡೆಯುತ್ತದೆ. ಸಿಲ್ವರ್ ಓಕ್ ಮತ್ತೆ ಚಿಗುರಿ, ಮಳೆ ಹಿಡಿದು, ಎಲೆಯೆಲ್ಲ ನೀರು ತುಂಬಿಕೊಂಡಾಗ ಅದೇ ಲಿಂಕ್ ಬಿದ್ದುಹೋಗುತ್ತದೆ. ಈ ಕಡೆಯಿಂದ ಆ ಕಡೆಯ ಡಿಶ್ ಕಣ್ಣಿಗೆ ಕಂಡರೆ ಸಾಕು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸಾಲದು. 2 ಕಿಲೋಮೀಟರ್ ದೂರದ 5.8 ಗಿಗಾಹರ್ಟ್ಸ್ ಲಿಂಕ್‌ಗೆ ನಡುಮಧ್ಯದಲ್ಲಿ ನೋಟದ ಗೆರೆಯ ಸುತ್ತ ಕಡಿಮೆ ಅಂದರೂ 3 ಮೀಟರ್ ಖಾಲಿ ಜಾಗ ಬೇಕು. ಮರ ಬೆಳೆಯುತ್ತದೆ ಅನ್ನುವುದನ್ನೂ ಲೆಕ್ಕ ಹಿಡಿಯಬೇಕು.

ಒಂದು ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಪಟ್ಟಣದಲ್ಲಿ ಬೀದಿ ವೈಫೈ ಕೆಲಸಕ್ಕೆ ನಾನು ಸೇರಿಕೊಂಡಿದ್ದೆ. ಪೆಟ್ಟಿಗೆಗಳನ್ನು ಬೀದಿದೀಪದ ಕಂಬಕ್ಕೆ ಕಟ್ಟಿದೆವು. ಕರೆಂಟ್ ಅಲ್ಲೇ ಇದೆಯಲ್ಲ ಅಂತ ಬೀದಿದೀಪದ ತಂತಿಯಿಂದಲೇ ಎಳೆದೆವು. ಉದ್ಘಾಟನೆ ಸಂಜೆ ಆಯಿತು, ಎಲ್ಲ ಚೆನ್ನಾಗಿ ನಡೆಯಿತು. ಮರುದಿನ ಬೆಳಗ್ಗೆ ಇಡೀ ಊರಿನ ವೈಫೈ ಸತ್ತಿತ್ತು. ಬೀದಿದೀಪದ ಲೈನ್ ಬೇರೆ, ಅದಕ್ಕೆ ಒಂದೇ ಸ್ವಿಚ್. ಸಂಜೆ ಹಾಕುತ್ತಾರೆ, ಬೆಳಗಾದರೆ ಆರಿಸುತ್ತಾರೆ. ಕಾಲೇಜು ಹುಡುಗರಿಗೆ ಅಂತ ಮಾಡಿದ ವೈಫೈ ಹಗಲಿಡೀ ಇಲ್ಲ. ಸರಿಪಡಿಸಲು ಪ್ರತಿ ಕಂಬಕ್ಕೂ ಬೇರೆ ಲೈನ್ ಎಳೆಯಬೇಕಿತ್ತು, ಆ ದುಡ್ಡು ಯೋಜನೆಯಲ್ಲಿ ಇರಲಿಲ್ಲ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಪೆಟ್ಟಿಗೆಗೆ ನೀರು ಹೋಗಿತ್ತು. ಆ ಊರಿನ ಮಕ್ಕಳ ಮುಖ ನನಗೆ ಈಗಲೂ ನೆನಪಿದೆ. ಹಾಗಾಗಿ ಕಂಬದ ಕರೆಂಟ್ ಎಲ್ಲಿಂದ ಅನ್ನುವುದು ನಾನು ಕೇಳುವ ಮೊದಲ ಪ್ರಶ್ನೆ.

ಹಾಗಾದರೆ ಸಾರ್ವಜನಿಕ ವೈಫೈ ಬೇಡವೇ ಬೇಡ ಅಂತಲೂ ಅಲ್ಲ. ಎಲ್ಲಿ ಕರೆಂಟ್ ಮತ್ತು ಫೈಬರ್ ಮೊದಲೇ ಇತ್ತೋ ಅಲ್ಲಿ ಅದು ನಿಂತಿದೆ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರುವಾದ ರೈಲ್ವೆ ನಿಲ್ದಾಣಗಳ ವೈಫೈ ನೋಡಿ. ಹಳಿಯ ಪಕ್ಕದಲ್ಲೇ ರೈಲ್ವೆಯ ದೂರಸಂಪರ್ಕ ಕಂಪನಿ ರೈಲ್‌ಟೆಲ್‌ನ ಫೈಬರ್ ಇತ್ತು, ನಿಲ್ದಾಣದಲ್ಲಿ ಕರೆಂಟ್ ಇತ್ತು. 2020ರಲ್ಲಿ, ಅದರ ಜೊತೆಗಿದ್ದ ಗೂಗಲ್ ಹಿಂದೆ ಸರಿಯುತ್ತೇನೆ ಅಂದಾಗಲೂ ರೈಲ್‌ಟೆಲ್ ನಡೆಸಿಕೊಂಡು ಹೋಯಿತು. ಕೊಡಗಿಗೆ ರೈಲೇ ಇಲ್ಲ. ದೇಶದ ಸಾವಿರಾರು ಊರುಗಳಿಗೆ ನಿಲ್ದಾಣದ ಮೂಲಕ ತಾನಾಗಿ ಬಂದದ್ದು ನಮಗೆ ಬರಲಿಲ್ಲ. ಇದನ್ನು ಮನವಿಯಲ್ಲಿ ಬರೆಯಿರಿ, ನ್ಯಾಯವಾದ ಮಾತು.

ಮಾಕುಟ್ಟ ಇಳಿದು ಕೇರಳಕ್ಕೆ ಹೋದರೆ ಇನ್ನೊಂದು ದಾರಿ ಕಾಣುತ್ತದೆ. ಅಲ್ಲಿನ ಸರ್ಕಾರ ವಿದ್ಯುತ್ ಮಂಡಳಿಯ ಕಂಬಗಳ ಮೇಲೇ ಫೈಬರ್ ಎಳೆದು ಕೆ-ಫೋನ್ ಅನ್ನುವ ಇಂಟರ್ನೆಟ್ ಜಾಲ ಕಟ್ಟಿತು, 2023ರ ಜೂನ್‌ನಲ್ಲಿ ಅದನ್ನು ಉದ್ಘಾಟಿಸಿತು. ಬಸ್ ನಿಲ್ದಾಣದಂಥ ಜಾಗಗಳಲ್ಲಿ ಕೆ-ಫೈ ಅನ್ನುವ ವೈಫೈ ಇದೆ, ದಿನಕ್ಕೆ 1 ಜಿಬಿ ಉಚಿತ. ಎಲ್ಲ ಬೀದಿಗೂ ಹಾಕಲು ಹೋಗದೆ, ಜನ ನಿಂತು ಕಾಯುವ ಜಾಗಗಳನ್ನು ಆರಿಸಿಕೊಂಡರು. ನಮ್ಮಲ್ಲಿ ಕಂಬಗಳು ಚೆಸ್ಕಾಂನವರದು. ಬೀದಿದೀಪ ನಗರಸಭೆಯದು. ಈ ಇಬ್ಬರೂ ಒಂದು ಮೇಜಿಗೆ ಕೂರದೆ ಏನೂ ಆಗುವುದಿಲ್ಲ.

5ಜಿ ಗುಂಪಿನವರ ಮಾತಿನಲ್ಲಿ ಹುರುಳಿದೆ. 2004ರಲ್ಲಿ ಊರಿಡೀ ವೈಫೈ ಬೇಕು ಅನಿಸಿದ್ದು ಮೊಬೈಲ್ ಡೇಟಾ ಆಗ ದುಬಾರಿ, ನಿಧಾನ ಅಂತ. ಈಗ ಹಾಗಿಲ್ಲ. ನಮ್ಮ ದೇಶದಲ್ಲಿ ಒಬ್ಬ ಸಾಮಾನ್ಯ ಬಳಕೆದಾರ ತಿಂಗಳಿಗೆ 20 ಜಿಬಿಗೂ ಮೇಲೆ ಮೊಬೈಲ್ ಡೇಟಾ ಬಳಸುತ್ತಾನೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಗಾಳಿಯಲ್ಲೇ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಸೇವೆ ತಂದವು, ಎರಡಕ್ಕೂ ಹೆಸರು ಏರ್‌ಫೈಬರ್ ಅಂತಲೇ. ಟವರ್ ಎದುರಿಗಿದ್ದರೆ ಅದು ಚೆನ್ನಾಗಿ ನಡೆಯುತ್ತದೆ. ಗುಡ್ಡದ ಆ ಬದಿಗೆ ಮನೆ ಇದ್ದರೆ ರೇಂಜ್ ಇಲ್ಲ. ಫೈಬರ್ ಎಳೆಯಲು ಆಗದ ಮನೆಗೆ ಅದು ಒಳ್ಳೆಯದು, ಫೈಬರ್ ಬರುವ ಮನೆಗೆ ಎರಡನೆಯ ಆಯ್ಕೆ. ಟವರ್‌ಗೂ ಕರೆಂಟ್ ಬೇಕು ಅನ್ನುವುದನ್ನು ಮರೆಯಬೇಡಿ. ಬ್ಯಾಟರಿ ಕೆಲವು ಗಂಟೆ, ಆಮೇಲೆ ಡೀಸೆಲ್. ರಸ್ತೆ ಮುಚ್ಚಿದರೆ ಡೀಸೆಲ್ ಬರುವುದು ಹೇಗೆ?

ಉಪಗ್ರಹದ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಹಳೆಯ ಉಪಗ್ರಹ ಇಂಟರ್ನೆಟ್ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬರುತ್ತಿತ್ತು, ಮಾತಾಡಿದರೆ ತಡವಾಗಿ ಕೇಳುತ್ತಿತ್ತು. ಸ್ಟಾರ್‌ಲಿಂಕ್‌ನಂಥವು 550 ಕಿಲೋಮೀಟರ್ ಆಸುಪಾಸಿನಲ್ಲಿ ಸುತ್ತುತ್ತವೆ, ಆ ತೊಂದರೆ ಇಲ್ಲ. ಆ ಕಂಪನಿಗೆ 2025ರ ಜೂನ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಟ್ಟಿತು. ತೋಟದ ನಡುವಿನ ಒಂಟಿ ಮನೆಗೆ, ಗುಡ್ಡದ ಮೇಲಿನ ಹೋಮ್‌ಸ್ಟೇಗೆ ಇದು ನಿಜಕ್ಕೂ ಉಪಯೋಗ. ಆದರೆ ಆಕಾಶ ಬಿಚ್ಚಿ ಕಾಣಬೇಕು, ಮರ ಅಡ್ಡ ಇರಬಾರದು. ಡಿಶ್ ತಿನ್ನುವ ಕರೆಂಟ್ ರೂಟರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಮನೆಗೆ ಮನೆ ತಾಗಿರುವ ಊರಿನ ನಡುವೆ ಎಲ್ಲರೂ ಒಂದೇ ಉಪಗ್ರಹದ ಪಾಲು ಹಂಚಿಕೊಳ್ಳಬೇಕಾಗುತ್ತದೆ. ನಿಮ್ಮ ಬೀದಿ ಅದಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ.

ನೀವು ಅಂಗಡಿಯವರು ಅಂದ ಕೂಡಲೇ ನನಗೆ ನೆನಪಾದದ್ದು ಪಿಎಂ-ವಾಣಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. ಹಿಂದೆ ಅಂಗಡಿಯಲ್ಲಿ ಎಸ್‌ಟಿಡಿ ಬೂತ್ ಇರುತ್ತಿತ್ತಲ್ಲ, ಹಾಗೆಯೇ ಯಾವ ಅಂಗಡಿಯವರೂ ತಮ್ಮ ಇಂಟರ್ನೆಟ್ ಲೈನಿನಿಂದ ವೈಫೈ ಕೊಟ್ಟು ಸಣ್ಣ ಪ್ಯಾಕ್ ಮಾರಬಹುದು. ಅಂಗಡಿಯವರಿಗೆ ಲೈಸೆನ್ಸ್ ಬೇಡ, ನೋಂದಣಿ ಶುಲ್ಕ ಇಲ್ಲ. ಲೆಕ್ಕ, ಬಳಕೆದಾರರ ಗುರುತು ಎಲ್ಲ ನೋಡಿಕೊಳ್ಳುವುದು ಬೇರೊಂದು ಕಂಪನಿ. ಕೂಲಿಗೆ ಬಂದ ಕಾರ್ಮಿಕರು, ರೀಚಾರ್ಜ್ ಮುಗಿದ ಕಾಲೇಜು ಮಕ್ಕಳು, ಸಿಮ್‌ಗೆ ಇಲ್ಲಿ ರೇಂಜ್ ಸಿಗದ ಪ್ರವಾಸಿಗರು, ಇಂಥವರಿಗೆ ಅದು ಬೇಕಾಗುತ್ತದೆ.

ಅದು ಯಾಕೆ ಎಲ್ಲೂ ಕಾಣುವುದಿಲ್ಲ ಅಂತ ನೀವು ಕೇಳಬಹುದು. 2018ರ ರಾಷ್ಟ್ರೀಯ ನೀತಿ 2022ರ ಹೊತ್ತಿಗೆ 1 ಕೋಟಿ ಸಾರ್ವಜನಿಕ ಹಾಟ್‌ಸ್ಪಾಟ್ ಅಂದಿತ್ತು. ಪಿಎಂ-ವಾಣಿ ಅದರ ಹತ್ತಿರಕ್ಕೂ ಹೋಗಲಿಲ್ಲ. ದೊಡ್ಡ ಕಾರಣ, ಇಂಟರ್ನೆಟ್ ಕಂಪನಿಗಳು ಅಂಗಡಿಯವರಿಗೆ ಮನೆಯ ದರದಲ್ಲಿ ಲೈನ್ ಕೊಡದೆ ದುಬಾರಿ ವ್ಯಾಪಾರಿ ಲೈನ್ ತೆಗೆದುಕೊಳ್ಳಿ ಅನ್ನುತ್ತಿದ್ದದ್ದು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಇದಕ್ಕೆ ಒಂದು ಮಿತಿ ಹಾಕಿತು. 200 ಎಂಬಿಪಿಎಸ್ ತನಕದ ಫೈಬರ್ ಪ್ಲಾನ್‌ಗೆ ಮನೆಯವರ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಅಂದರೆ ಮನೆಗೆ 500 ರೂಪಾಯಿ ಆದರೆ ನಿಮಗೆ 1,000 ಮೀರಬಾರದು. ಇದರಿಂದ ದೊಡ್ಡ ಲಾಭ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಲೈನಿನ ಖರ್ಚು ಹುಟ್ಟಿ, ಅಂಗಡಿಗೆ ನಾಲ್ಕು ಜನ ಜಾಸ್ತಿ ಬಂದರೆ ಒಳ್ಳೆಯದೇ. ನಿಮ್ಮ ಸಾಲಿನ ಐದಾರು ಅಂಗಡಿಯವರು ಒಟ್ಟಿಗೆ ಮಾಡಿದರೆ ಬೀದಿಗೇ ಆಯಿತು. ಅದಕ್ಕೆ ನಗರಸಭೆಯನ್ನು ಕಾಯಬೇಕಾಗಿಯೂ ಇಲ್ಲ.

ಸಭೆಯಲ್ಲಿ ವಿಕಿರಣದ ಪ್ರಶ್ನೆ ಬಂದೇ ಬರುತ್ತದೆ. ಟವರ್‌ಗಳಿಗೆ ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ, 2012ರಿಂದ ಹೀಗೇ ಇದೆ. ವೈಫೈ ಪೆಟ್ಟಿಗೆಯ ಶಕ್ತಿ ಟವರ್‌ಗಿಂತ ಎಷ್ಟೋ ಕಡಿಮೆ. ನನಗೆ ಜಾಸ್ತಿ ಚಿಂತೆ ಬೇರೆಯದು. ಉಚಿತ ವೈಫೈಗೆ ಫೋನ್ ನಂಬರ್ ಕೊಟ್ಟು ಒಟಿಪಿ ಹಾಕಬೇಕು. ಆ ನಂಬರ್ ಯಾರ ಬಳಿ ಉಳಿಯುತ್ತದೆ, ಅದನ್ನು ಜಾಹೀರಾತಿಗೆ ಮಾರುತ್ತಾರಾ ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳಲೇಬೇಕು. ಬಸ್ ನಿಲ್ದಾಣದಲ್ಲಿ ಅದೇ ಹೆಸರಿನ ಕಳ್ಳ ವೈಫೈ ಇಡುವುದು ಕಷ್ಟವಲ್ಲ. ಹಾಗಾಗಿ ಅಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ ಅಂತ ಮಕ್ಕಳಿಗೂ ಹೇಳಿ.

ಇನ್ನು ಮನವಿ. ನಾನಾಗಿದ್ದರೆ 'ಉಚಿತ ವೈಫೈ' ಅನ್ನುವ ಮಾತನ್ನು ತಲೆಬರಹದಲ್ಲಿ ಹಾಕುವುದಿಲ್ಲ. ರಸ್ತೆ ಅಥವಾ ಚರಂಡಿ ಕೆಲಸಕ್ಕೆ ಅಗೆದಾಗಲೆಲ್ಲ ಒಂದು ಖಾಲಿ ಪೈಪ್ ಹೂತುಬಿಡಿ ಅಂತ ಮೊದಲು ಕೇಳುತ್ತೇನೆ. ಅಗೆಯುವ ಖರ್ಚೇ ದೊಡ್ಡದು, ಪೈಪಿನದು ಅದರ ಮುಂದೆ ಏನೂ ಅಲ್ಲ. ಆಮೇಲೆ ಯಾವ ಕಂಪನಿಯಾದರೂ ಬಾಡಿಗೆ ಕೊಟ್ಟು ಅದರಲ್ಲಿ ಫೈಬರ್ ಎಳೆಯಲಿ. ಮರದಿಂದ ಮರಕ್ಕೆ ಜೋತಾಡುವ ಕೇಬಲ್‌ಗಳ ಕಾಟ ಅರ್ಧ ತಪ್ಪುತ್ತದೆ. ಕಂಬ, ಬಸ್ ತಂಗುದಾಣ ಇಂಥವನ್ನು ಸಣ್ಣ ಟವರ್‌ಗಳಿಗೆ ಬಳಸಲು ಕೇಂದ್ರದ ನಿಯಮ ಅವಕಾಶ ಕೊಡುತ್ತದೆ, ಕೇಬಲ್, ಟವರ್‌ಗೆ ಜಾಗ ಕೊಡುವ ಬಗೆಗಿನ 2024ರ ಹೊಸ ರೈಟ್ ಆಫ್ ವೇ ನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅನುಮತಿ ಕೊಡುವಾಗ ಒಂದು ಷರತ್ತು ಹಾಕಿ ಅಂತ ಕೇಳಿ: ಬ್ಯಾಟರಿ ಇಲ್ಲದೆ ಪೆಟ್ಟಿಗೆ ಇಲ್ಲ. ಒಂದು ರೂಟರ್ ಮತ್ತು ಫೈಬರ್ ಡಬ್ಬ ಸೇರಿ 15 ವಾಟ್ ಆಸುಪಾಸು. 12 ವೋಲ್ಟ್, 20 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಹತ್ತು ಹನ್ನೆರಡು ಗಂಟೆ ಎಳೆಯುತ್ತದೆ. ಇದು ದೊಡ್ಡ ಬೇಡಿಕೆ ಅಲ್ಲ.

ವೈಫೈ ಕೇಳುವುದಾದರೆ ಮೂರು ನಾಲ್ಕು ಜಾಗಕ್ಕೆ ಮಾತ್ರ ಕೇಳಿ. ಬಸ್ ನಿಲ್ದಾಣ, ಜಿಲ್ಲಾ ಆಸ್ಪತ್ರೆ, ಗ್ರಂಥಾಲಯ. ಜೊತೆಗೆ ಮಳೆಗಾಲದಲ್ಲಿ ಪರಿಹಾರ ಕೇಂದ್ರ ಆಗುವ ಕಟ್ಟಡಗಳು. ಕೊನೆಯದಕ್ಕೆ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದಾಗ, ಮನೆಯವರು ಎಲ್ಲಿದ್ದಾರೆ ಅಂತ ತಿಳಿಯದೆ ಜನ ಪಟ್ಟ ಪಾಡು ಕೊಡಗಿನವರಿಗೆ ಯಾರೂ ಹೇಳಬೇಕಾಗಿಲ್ಲ. ರಸ್ತೆಯ ಪಕ್ಕದ ಕೇಬಲ್ ರಸ್ತೆಯ ಜೊತೆಗೇ ಹೋಗುತ್ತದೆ. ಹಾಗಾಗಿ ಊರಿಗೆ ಫೈಬರ್ ಎರಡು ದಿಕ್ಕಿನಿಂದ ಬರಬೇಕು. ಕುಶಾಲನಗರದ ಕಡೆಯಿಂದ ಒಂದು, ವಿರಾಜಪೇಟೆ-ಗೋಣಿಕೊಪ್ಪ ಕಡೆಯಿಂದ ಇನ್ನೊಂದು. ಇದು ನಗರಸಭೆಯ ಕೈಯಲ್ಲಿ ಇಲ್ಲ, ಜಿಲ್ಲಾಧಿಕಾರಿಗಳಿಗೆ ಬೇರೆಯದೇ ಒಂದು ಪ್ರತಿ ಕೊಡಿ. ಉಪಗ್ರಹದ ಡಿಶ್ ಒಂದನ್ನು ಪರಿಹಾರ ಕೇಂದ್ರದಲ್ಲಿ ಇಡಿಸುವುದಾದರೆ ಅಲ್ಲಿ ಅದರ ಬೆಲೆ ಸಾರ್ಥಕ.

ಮನವಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಹತ್ತು ಮನೆಯವರಿಗೆ ಒಂದೊಂದು ಹಾಳೆ ಕೊಡಿ. ನಿಮ್ಮದೇ ಅಂಗಡಿಯ ನೋಟ್‌ಬುಕ್ ಆದರೂ ಸರಿ. ಒಂದು ತಿಂಗಳು ನೆಟ್ ಹೋದಾಗಲೆಲ್ಲ ದಿನ, ಗಂಟೆ, ಯಾವ ಕಂಪನಿಯ ಲೈನ್ ಅಥವಾ ಸಿಮ್, ಆಗ ಕರೆಂಟ್ ಇತ್ತಾ ಇಲ್ವಾ, ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಡಲಿ. ಮಗಳಿಗೆ ಹೇಳಿದರೆ ಅವಳೇ ಚೆನ್ನಾಗಿ ಮಾಡುತ್ತಾಳೆ. ಕರೆಂಟ್ ಇದ್ದಾಗಲೂ ಹೋದದ್ದು ಎಷ್ಟು ಸಲ ಅಂತ ಬೇರೆ ಲೆಕ್ಕ ಹಾಕಿ, ಅದು ಕೇಬಲ್‌ನವರ ಪಾಲಿನದು. ಉಳಿದದ್ದು ಬ್ಯಾಟರಿಯದು. ಆ ಪಟ್ಟಿಯನ್ನು ಮನವಿಗೆ ಲಗತ್ತಿಸಿ, ಕೊಡುವ ಮೊದಲು ನನಗೂ ಒಂದು ಪ್ರತಿ ಕಳಿಸಿ. ಯಾವ ಜಾಗಕ್ಕೆ ಎಷ್ಟು ಬ್ಯಾಟರಿ, ಎಷ್ಟು ದೊಡ್ಡ ಲೈನ್ ಬೇಕು ಅಂತ ನಾನು ಕೂತು ಲೆಕ್ಕ ಹಾಕಿಕೊಡುತ್ತೇನೆ.